ಇಲಿಗೆ ಬಾರದ ನಂಜು

ಐದು ತಿಂಗಳು ದಾಟಿದ ಬಸುರಿಗೆ ಬಿಪಿ 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಡಾಕ್ಟರು ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಹಿಂದಿನವರ ಬಾಯಲ್ಲಿ ಅದು ನಂಜು. ಉಪೇಕ್ಷಿಸಿದರೆ ಫಿಟ್ಸ್ ಬಂದು ತಾಯಿಯ ಜೀವಕ್ಕೇ ಕುತ್ತು. ಮಗುವಿನ ಹಿಂದೆ ಮಾಸು ಬಿದ್ದ ಮೇಲೆ ಸಾಮಾನ್ಯವಾಗಿ ಕಾಯಿಲೆಯೂ ಇಳಿಯುತ್ತದೆ. ಹಾಗಾಗಿ ಗುಮಾನಿಯೆಲ್ಲ ಮಾಸಿನ ಮೇಲೆಯೇ. ಆದರೆ ಹೊಟ್ಟೆಯಲ್ಲಿ ಮಗು ಇರುವಾಗ ಅದನ್ನು ಕೆದಕಿ ನೋಡುವವರು ಯಾರು?

ಇಲಿಯನ್ನು ಕೇಳೋಣವೆಂದರೆ, ಇಲಿಗೆ ಈ ಕಾಯಿಲೆ ತಾನಾಗಿ ಬರುವುದೇ ಅಪರೂಪ. ಕುರಿಗೆ ಬರುವ ಬಸಿರಿನ ನಂಜು ಬೇರೆ, ಅದು ತುಂಬುಬಸಿರಿನಲ್ಲಿ ಮೇವಿನ ಶಕ್ತಿ ಸಾಲದೆ ಬರುವಂಥದ್ದು. ಹೀಗಾಗಿ ವಿಜ್ಞಾನಿಗಳೇ ಕಾಯಿಲೆ ಬರಿಸಬೇಕಾಯಿತು. ಅಮೆರಿಕದ ಮಿಸಿಸಿಪಿಯಲ್ಲಿ ಜೋಯಿ ಗ್ರೇಂಜರ್ ತಂಡ ಬಳಸಿದ ವಿಧಾನ ಅಕ್ಕಸಾಲಿಗನ ಕೆಲಸದಂತಿದೆ. ಇಲಿಯ ಬಸಿರು ಮೂರು ವಾರದ್ದು. ಹದಿನಾಲ್ಕನೇ ದಿನ ಹೊಟ್ಟೆ ತೆರೆದು, ಮಹಾಧಮನಿಗೆ ಸುಮಾರು 0.2 ಮಿಲಿಮೀಟರ್ ಸೀಳಿನ ಬೆಳ್ಳಿ ಕ್ಲಿಪ್ ತೊಡಿಸುತ್ತಾರೆ. ಅಂಡಾಶಯದ ರಕ್ತನಾಳಗಳಿಗೆ ಇನ್ನೂ ಸಣ್ಣದು. ಮಾಸಿಗೆ ಹೋಗುವ ರಕ್ತ ತಗ್ಗುತ್ತದೆ, ಕೆಲವೇ ದಿನಗಳಲ್ಲಿ ತಾಯಿಲಿಯ ಬಿಪಿ ಏರುತ್ತದೆ. ಹೆಂಗಸರಲ್ಲಿ ಎಡವಟ್ಟು ಶುರುವಾಗುವುದು ಬಸಿರಿನ ಮೊದಲ ತಿಂಗಳುಗಳಲ್ಲಿ. ಕ್ಲಿಪ್ ಹೇಳುವುದು ಕಥೆಯ ಉತ್ತರಾರ್ಧ ಮಾತ್ರ ಎಂದೇ ನನಗನ್ನಿಸುತ್ತದೆ.

ಆದರೂ ಉತ್ತರಾರ್ಧದಲ್ಲೇ ಕಳ್ಳ ಸಿಕ್ಕಿದ. ಕಾಯಿಲೆಯ ಮಾಸಿನಿಂದ ಎಸ್‌ಫ್ಲಿಟ್-1 ಎಂಬ ಪ್ರೋಟೀನ್ ವಿಪರೀತವಾಗಿ ತಾಯಿಯ ರಕ್ತಕ್ಕೆ ಸುರಿಯುವುದನ್ನು ಬಾಸ್ಟನ್ನಿನ ಅನಂತ್ ಕರುಮಂಚಿ ತಂಡ ಗಮನಿಸಿತ್ತು. ರಕ್ತನಾಳಗಳ ಒಳಪದರವನ್ನು ಕಾಪಾಡುವ ಅಂಶಗಳನ್ನು ಅದು ಹಿಡಿದು ಕಟ್ಟಿಹಾಕುತ್ತದೆ. 2003ರಲ್ಲಿ ಅವರು ವೈರಸ್ ಮೂಲಕ ಅದರ ಜೀನನ್ನು ಬಸುರಿ ಇಲಿಗಳಿಗೆ ಸೇರಿಸಿದರು. ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು, ಮೂತ್ರಪಿಂಡದ ಸೋಸುಗಗಳು ಹೆಂಗಸರಲ್ಲಿ ಊದಿಕೊಳ್ಳುವಂತೆಯೇ ಊದಿಕೊಂಡವು. ಬಸಿರೇ ಇಲ್ಲದ ಇಲಿಗೂ ಬಿಪಿ ಏರಿತು! ಮಾಸು ಚೆಲ್ಲುವ ವಸ್ತುವೊಂದೇ ಸಾಕಾಗಿತ್ತು. ಆ ಪ್ರೋಟೀನನ್ನು ಅಳೆಯುವ ರಕ್ತಪರೀಕ್ಷೆಗೆ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟಿತು.

ಮದ್ದಿನ ದಾರಿ ಇಷ್ಟು ನೇರವಿಲ್ಲ. ಆ ಜೀನಿನ ಬಾಯಿ ಮುಚ್ಚಿಸುವ ಔಷಧವೊಂದು ಬಬೂನ್ ಕೋತಿಗಳಲ್ಲಿ ಬಿಪಿ ಇಳಿಸಿದ ವರದಿ 2018ರಲ್ಲಿ ಬಂತು. ಅದೇ ವರ್ಷ ನೆದರ್‌ಲೆಂಡ್ಸ್‌ನಲ್ಲಿ ಇನ್ನೊಂದು ಘಟನೆ. ರಕ್ತನಾಳಗಳನ್ನು ಹಿಗ್ಗಿಸುವ ಸಿಲ್ಡೆನಾಫಿಲ್ ಮಾತ್ರೆ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಭರವಸೆ ಹುಟ್ಟಿಸಿತ್ತು. ಮಾಸು ಸರಿಯಾಗಿ ಕೆಲಸ ಮಾಡದೆ ಹೊಟ್ಟೆಯಲ್ಲಿ ಬೆಳವಣಿಗೆ ಕುಂಠಿತವಾದ ಮಕ್ಕಳ ತಾಯಂದಿರಿಗೆ ಅದನ್ನು ಕೊಟ್ಟು ನೋಡುತ್ತಿದ್ದರು. ಹುಟ್ಟಿದ ಶಿಶುಗಳಲ್ಲಿ ಶ್ವಾಸಕೋಶದ ತೊಂದರೆ ಕಾಣಿಸಿ ಕೆಲವು ಸತ್ತಾಗ, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು.