ನಾಲಿಗೆಗೆ ಒಗರು, ನೂಲಿಗೆ ರಂಗು

ಹೊಸ ಮದುಮಕ್ಕಳು ಹೊಸ್ತಿಲಾಚೆ ನಿಂತಿದ್ದಾರೆ. ಒಳಗೆ ಸೋದರತ್ತೆ ತಟ್ಟೆಯ ನೀರಿಗೆ ಅರಿಶಿನ ಕದಡಿ, ಬೆರಳ ತುದಿಯಲ್ಲಿ ಒಂದಿಷ್ಟು ಸುಣ್ಣ ತೆಗೆದು ಸೋಕಿಸುತ್ತಾರೆ. ಹಳದಿ ನೀರು ಕಣ್ಣೆದುರೇ ರಕ್ತಗೆಂಪು! ಎಷ್ಟು ಆರತಿ ನೋಡಿದ್ದೇವೆ, ಒಮ್ಮೆಯಾದರೂ ‘ಅರೆ, ಇದೇನಿದು’ ಎಂದು ಬಾಯಿ ಬಿಟ್ಟಿದ್ದೇವೆಯೇ? ಹುಳಿ ಚೆಲ್ಲಿದ ಬಿಳಿ ಪಂಚೆಗೆ ಸೋಪು ತಿಕ್ಕಿದರೆ ಕಲೆ ಹೋಗುವ ಬದಲು ಕೆಂಪಗೆ ಕೆರಳುವುದೂ ಇದೇ ಕಥೆ. ಊಟವಾದ ಮೇಲಿನ ತಾಂಬೂಲ ನೋಡಿ: ಎಲೆ ಹಸಿರು, ಅಡಿಕೆ ಕಂದು, ಸುಣ್ಣ ಬಿಳಿ, ಬಾಯಿ ಮಾತ್ರ ಕೆಂಪು. ಆ ಕೆಂಪು ಮೂರರಲ್ಲಿ ಯಾವುದರೊಳಗೂ ಕಾಣುತ್ತಿರಲಿಲ್ಲ. ಮೂರೂ ಕೂಡಿದಾಗ ಹುಟ್ಟಿತು.

ಗಿಡಗಳಿಂದ ಬಟ್ಟೆಗೆ ಬಣ್ಣ ಹಾಕುವ ವಿದ್ಯೆಯ ಬೆರಗೆಲ್ಲ ಈ ಕೂಡುವುದರಲ್ಲೇ ಇದೆ. ಕಣ್ಣು ಕುಕ್ಕುವ ದಾಸವಾಳವನ್ನು ಹಿಂಡಿ ಹತ್ತಿ ಬಟ್ಟೆಗೆ ಬಳಿಯಿರಿ. ನಾಲ್ಕು ಒಗೆತಕ್ಕೆ ಮಾಸಲು ಬೂದಿ. ಆದರೆ ಕಸದ ಬುಟ್ಟಿಗೆ ಹೋಗುವ ದಾಳಿಂಬೆ ಸಿಪ್ಪೆ, ಅದರ ಮುಖ ನೋಡಿದರೆ ಯಾರೂ ಬಣ್ಣದ ಮಾತೆತ್ತುವುದಿಲ್ಲ, ಸರಿಯಾದ ಜೊತೆ ಸಿಕ್ಕರೆ ವರ್ಷಗಟ್ಟಲೆ ಬಿಸಿಲಿಗೂ ಬಕೆಟ್ಟಿಗೂ ಜಗ್ಗದ ಹಳದಿ ಕೊಡುತ್ತದೆ. ಹೂವು ಸೋತಲ್ಲಿ ಸಿಪ್ಪೆ ಗೆಲ್ಲುತ್ತದೆ!

ಮೊದಲು ಹತ್ತಿಯ ಹಠ ಅರ್ಥವಾಗಬೇಕು. ಬೆಂಗಳೂರಿನ ಬಿಟಿಎಂ ಲೇಔಟಿನ ಮಗ್ಗುಲಲ್ಲಿ, ಇಡೀ ಊರೇ ಶಪಿಸುವ ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ ಹೆಸರು ಕೊಟ್ಟ ಕೇಂದ್ರ ರೇಷ್ಮೆ ಮಂಡಳಿ ಇದೆಯಲ್ಲ, ಅಲ್ಲಿಯವರ ದಾರಿ ಸುಗಮ. ರೇಷ್ಮೆ ಹುಳುವಿನ ನೂಲು, ಅಂದರೆ ಪ್ರೋಟೀನು. ಬಣ್ಣ ಕಂಡರೆ ತಾನೇ ಕೈ ಚಾಚುತ್ತದೆ. ಹತ್ತಿ ಹಾಗಲ್ಲ, ಅದು ಬರೀ ಸೆಲ್ಯುಲೋಸು. ಬಹುತೇಕ ಗಿಡದ ಬಣ್ಣಗಳಿಗೆ ಅದು ಬಾಗಿಲೇ ತೆರೆಯುವುದಿಲ್ಲ. ಎರಡು ಮನೆಯವರಿಗೂ ಬೇಕಾದ ಒಬ್ಬ ಮದುವೆ ದಲ್ಲಾಳಿ ನಡುವೆ ಬಂದರಷ್ಟೇ ಸಂಬಂಧ ಕುದುರುವುದು. ಆ ದಲ್ಲಾಳಿಯೇ ಬಣ್ಣಬಂಧಕ. ಲೋಹದ ಕಣವೊಂದು ಒಂದು ಕೈಯಲ್ಲಿ ನೂಲನ್ನೂ ಇನ್ನೊಂದು ಕೈಯಲ್ಲಿ ಬಣ್ಣವನ್ನೂ ಹಿಡಿದು, ಮೂರೂ ಸೇರಿ ನೀರಿನಲ್ಲಿ ಕರಗದ ಗಂಟಾಗಿಬಿಡುತ್ತವೆ.

ಆ ಲೋಹ ಎಲ್ಲಿಂದ ಬರಬೇಕು? ಕ್ಷೌರದಂಗಡಿಯ ಕನ್ನಡಿ ಮುಂದೆ ಗಾಜಿನ ಗಡ್ಡೆಯ ಹಾಗೆ ಕೂತಿರುವ ಪಟಿಕದಿಂದ! ಅದರೊಳಗಿನ ಅಲ್ಯೂಮಿನಿಯಮ್ಮೇ ಜಗತ್ತಿನ ಅತಿ ಹಳೆಯ, ಅತಿ ಸಾಧು ಬಣ್ಣಬಂಧಕಗಳಲ್ಲೊಂದು. ಆದರೆ ಹತ್ತಿ ಪಟಿಕವನ್ನೂ ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೂ ಮುಂಚೆ ನೂಲಿಗೆ ಒಗರು ಉಣಿಸಬೇಕು. ಗ್ರಂಧಿಗೆ ಅಂಗಡಿಯ ಡಬ್ಬಿಯೊಳಗೆ ಸುಕ್ಕು ಮೋರೆ ಮಾಡಿಕೊಂಡು ಬಿದ್ದಿರುವ ಅಳಲೆಕಾಯಿ, ಅಜ್ಜಿ ಕೆಮ್ಮಿಗೆ ತೇಯ್ದು ನೆಕ್ಕಿಸುತ್ತಿದ್ದ ಅದೇ ಕಾಯಿ, ಇಲ್ಲಿ ನಾಯಕ. ಅದರ ಒಗರು, ಅಂದರೆ ಟ್ಯಾನಿನ್, ಹತ್ತಿಗೆ ಗಟ್ಟಿಯಾಗಿ ಅಂಟುತ್ತದೆ, ಪಟಿಕ ಆ ಟ್ಯಾನಿನ್ನಿಗೆ ಅಂಟುತ್ತದೆ, ಬಣ್ಣ ಪಟಿಕಕ್ಕೆ. ಅಳಲೆ, ದಾಳಿಂಬೆ ಸಿಪ್ಪೆ, ಹುಣಸೆಬೀಜದ ಹೊಟ್ಟು, ಅಡಿಕೆ, ಬಾಳೆದಿಂಡು... ಬಾಯಿಗಿಟ್ಟರೆ ನಾಲಿಗೆ ಹಿಂಡುವ ಒಂದೊಂದನ್ನೂ ನೆನೆಸಿಕೊಳ್ಳಿ. ನಾಲಿಗೆಗೆ ಒಗರಾದದ್ದೆಲ್ಲ ನೂಲಿಗೆ ಹಿತ! ಬಾಳೆಕಾಯಿ ಹೆಚ್ಚುವಾಗ ಸೀರೆಗೆ ಬಿದ್ದ ಕಲೆ ಜನ್ಮಕ್ಕೂ ಹೋಗುವುದಿಲ್ಲ ಎಂದು ಗೊಣಗುವ ಪ್ರತಿ ಗೃಹಿಣಿಯೂ ತನಗೇ ಗೊತ್ತಿಲ್ಲದೆ ಈ ರಸಾಯನಶಾಸ್ತ್ರವನ್ನು ಹೇಳುತ್ತಿರುತ್ತಾಳೆ.

ಬನಶಂಕರಿಯ ಮನೆಯೊಂದರ ತಾರಸಿಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಮೊದಲು ಅಂಟುವಾಳದ ನೀರಿನಲ್ಲಿ ಬಟ್ಟೆಯನ್ನು ಕುದಿಸಿ ಗಂಜಿ, ಜಿಡ್ಡು ಎಲ್ಲ ತೆಗೆದಿದ್ದರು. ಒಂದು ಕಿಲೋ ಬಟ್ಟೆಗೆ ಸುಮಾರು 200 ಗ್ರಾಂ ಅಳಲೆ ಪುಡಿ; ರಾತ್ರಿಯಿಡೀ ನೆನೆದು ಬಟ್ಟೆ ತೆಳು ಬೆಣ್ಣೆ ಬಣ್ಣಕ್ಕೆ ತಿರುಗಿತ್ತು. ಬಿಸಿಲಲ್ಲಿ ಒಣಗಿಸಿ, 150 ಗ್ರಾಂ ಪಟಿಕ ಕರಗಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಮತ್ತೆ ಒಣಗಿಸಿದ್ದರು. ಆಮೇಲೆ ದಾಳಿಂಬೆ ಸಿಪ್ಪೆಯ ಕಷಾಯ. ಬಟ್ಟೆ ಮೇಲೆದ್ದಾಗ ಮಾಗಿದ ಹಳದಿ. ಇಷ್ಟಕ್ಕೇ ನಾನು ಮರುಳಾಗಿದ್ದೆ. ಆಗ ಆ ಮನೆಯಾಕೆ ಮೂಲೆಯಿಂದ ಒಂದು ಮಡಕೆ ತಂದರು. ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು. ಎರಡು ಮೂರು ವಾರ ಕೊಳೆಯಲು ಬಿಟ್ಟದ್ದು. ಮುಚ್ಚಳ ತೆಗೆದರೆ ಮೂಗು ಮುಚ್ಚಬೇಕು. ಹಳದಿ ಬಟ್ಟೆಯ ಒಂದು ತುದಿಯನ್ನು ಅದರಲ್ಲಿ ಅದ್ದಿದ್ದೇ ತಡ, ಕಣ್ಣು ಮಿಟುಕಿಸುವಷ್ಟರಲ್ಲಿ ಆಲಿವ್ ಹಸಿರು, ಮತ್ತೆ ಬೂದಿ, ಆಮೇಲೆ ಮಳೆಗಾಲದ ಮೋಡದ ಕಪ್ಪು! ಅಂಚಿನಲ್ಲಿ ಹಳದಿ ಇನ್ನೂ ಹಳದಿಯಾಗೇ ಇತ್ತು. ಒಂದೇ ಸಿಪ್ಪೆ, ಒಂದೇ ಬಟ್ಟೆ. ಅಲ್ಯೂಮಿನಿಯಂ ಇದ್ದಲ್ಲಿ ಬೆಳಕು, ಕಬ್ಬಿಣ ಬಂದಲ್ಲಿ ಕತ್ತಲೆ. “ಜಾಸ್ತಿ ಹಾಕಬಾರದು ಕಣ್ರೀ, ಕಬ್ಬಿಣ ಬಟ್ಟೆಯನ್ನೇ ತಿಂದುಹಾಕುತ್ತೆ,” ಎಂದರು ಆಕೆ. ನಿಜ, ಅತಿಯಾದ ಕಬ್ಬಿಣ ಕಾಲಕ್ರಮೇಣ ಹತ್ತಿಯನ್ನು ಟೊಳ್ಳಾಗಿಸುತ್ತದೆ. ಕಲಂಕಾರಿಯ ಕಪ್ಪು ಗೆರೆಗಳು ಇದೇ ಬೆಲ್ಲ-ತುಕ್ಕಿನ ರಸದಿಂದ ಬಂದವು. ಅಳಲೆ ಕಷಾಯಕ್ಕೆ ಅನ್ನಭೇದಿ ಬೆರೆಸಿ ಹಿಂದಿನವರು ಮಾಡಿಕೊಳ್ಳುತ್ತಿದ್ದ ಬರವಣಿಗೆಯ ಮಸಿಯ ಹಿಂದಿರುವುದೂ ಇದೇ ಕಬ್ಬಿಣ, ಇದೇ ಟ್ಯಾನಿನ್.

ಇದನ್ನು ನೋಡಿ ಕೆಳಗಿಳಿದು ರಸ್ತೆಗೆ ಬಂದವನಿಗೆ ಊರೇ ಬೇರೆಯಾಗಿ ಕಂಡಿತು. ಜಯನಗರದ ರಸ್ತೆಗಳಲ್ಲಿ ಬೇಸಿಗೆಗೆ ಹಳದಿ ಹೂ ಸುರಿಸಿ, ಕಾರುಗಳ ಮೇಲೆಲ್ಲ ಹಾಸಿಗೆ ಮಾಡುವ ಪೆಲ್ಟೋಫೋರಂ ಮರಗಳಿವೆಯಲ್ಲ, ಅವುಗಳ ತೊಗಟೆಯೇ ಜಾವಾ ದ್ವೀಪದ ಬಾಟಿಕ್ ಬಟ್ಟೆಗಳ ಆ ಹೆಸರಾಂತ ‘ಸೋಗಾ’ ಕಂದಿಗೆ ಮೂಲಗಳಲ್ಲೊಂದು! (ಹಾಗೆಂದು ಯಾರೂ ಚಾಕು ಹಿಡಿದು ಪಾಲಿಕೆಯ ಮರದ ಚರ್ಮ ಸುಲಿಯಬೇಡಿ, ಗಾಳಿಗೆ ಮುರಿದು ಬಿದ್ದ ಕೊಂಬೆಗಳೇ ಬೇಕಾದಷ್ಟು ಸಿಗುತ್ತವೆ.) ಕಾಂಪೌಂಡಿನಾಚೆ ಕೆಂಪಾಗಿ ಉದುರುವ ಕಾಡುಬಾದಾಮಿ ಎಲೆ ಟ್ಯಾನಿನ್ನಿನ ಖಜಾನೆ. ಬನಶಂಕರಿ ದೇವಸ್ಥಾನದ ಸುತ್ತ ಸಂಜೆಗೆ ಬಾಡಿ ರಾಶಿ ಬೀಳುವ ಚೆಂಡುಹೂವು ಪಟಿಕದೊಂದಿಗೆ ಹೊಂಬಣ್ಣ. ದರ್ಶಿನಿ ಹೋಟೆಲುಗಳ ಹಿಂಬಾಗಿಲಲ್ಲಿ ಮೂಟೆಗಟ್ಟಲೆ ಈರುಳ್ಳಿ ಸಿಪ್ಪೆ, ಜೆ.ಪಿ. ನಗರದ ಜ್ಯೂಸ್ ಅಂಗಡಿಗಳ ಡ್ರಮ್ಮಿನಲ್ಲಿ ದಾಳಿಂಬೆ ಸಿಪ್ಪೆ. ಕಸದ ಆಟೋ ಬರುವ ಮುಂಚೆ ಎದ್ದವರದ್ದೇ ಅದೃಷ್ಟ.

ನೀರಿನ ವಿಷಯವಂತೂ ಇನ್ನೂ ವಿಚಿತ್ರ. ದಕ್ಷಿಣ ಬೆಂಗಳೂರಿನಲ್ಲಿ ಒಂದು ಮನೆಗೆ ಕಾವೇರಿ, ಪಕ್ಕದ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್. ಪಾತ್ರೆಯ ಮೇಲೆ ಬಿಳಿ ಪೊರೆ ಕಟ್ಟುವ ಗಡಸು ನೀರನ್ನು ನಾವು ಬೈದುಕೊಳ್ಳುತ್ತೇವೆ. ಮಂಜಿಷ್ಠದ ಬೇರು ಮಾತ್ರ ಅದಕ್ಕಾಗಿ ಕಾಯುತ್ತದೆ! ಅದರ ಕೆಂಪು ಪೂರ್ತಿ ಅರಳಬೇಕಾದರೆ ಅಲ್ಯೂಮಿನಿಯಂ ಸಾಲದು, ಕ್ಯಾಲ್ಸಿಯಮ್ಮೂ ಬೇಕು. ಮೆದು ನೀರಿನವರು ಚಿಟಿಕೆ ಸುಣ್ಣದ ಪುಡಿ ಹಾಕಿಕೊಳ್ಳಬೇಕು. ಬೋರ್‌ವೆಲ್‌ನವರಿಗೆ ಅದು ನಲ್ಲಿಯಲ್ಲೇ ಬರುತ್ತದೆ. ಆದರೆ ಅದೇ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಹಳದಿ ಮಂಕಾಗುತ್ತದೆ. ಬೀದಿ ಬದಲಾದರೆ ಬಣ್ಣ ಬದಲು.

ನನ್ನ ಉಸಿರು ನಿಜಕ್ಕೂ ಸಿಕ್ಕಿಕೊಂಡದ್ದು ಲೋಧ್ರದ ಬಗ್ಗೆ ತಿಳಿದಾಗ. ಮಣ್ಣಿನಲ್ಲಿ ಅಲ್ಯೂಮಿನಿಯಂ ಯಥೇಚ್ಛ, ಆದರೆ ಹೆಚ್ಚಿನ ಗಿಡಗಳಿಗೆ ಅದು ವಿಷ. ಬೇರಿನ ಬಾಗಿಲಲ್ಲೇ ತಡೆಯುತ್ತವೆ. ಸಿಂಪ್ಲೋಕಾಸ್ ಕುಲದ ಮರಗಳದ್ದು ತಿರುಗುಮುರುಗು ಬುದ್ಧಿ. ಅವು ಅಲ್ಯೂಮಿನಿಯಮ್ಮನ್ನು ಹೀರಿ ಹೀರಿ ಎಲೆಯಲ್ಲಿ, ತೊಗಟೆಯಲ್ಲಿ ಕೂಡಿಡುತ್ತವೆ. ಆಯುರ್ವೇದದ ಲೋಧ್ರ ಈ ಕುಲದ್ದೇ. ಇದರ ಬಂಧುಗಳು ನಮ್ಮ ಪಶ್ಚಿಮಘಟ್ಟದಲ್ಲೂ ಇವೆ. ಇಂಡೋನೇಷ್ಯಾದ ನೇಕಾರರು ಇದೇ ಕುಲದ ಮರದ ಉದುರಿದ ಹಳದಿ ಎಲೆ ಆಯ್ದು, ಪುಡಿ ಮಾಡಿ, ಪಟಿಕವೇ ಇಲ್ಲದೆ ಕೆಂಪು ಕೂಡಿಸುತ್ತಾರೆ. ಗಣಿ ಬೇಡ, ಕಾರ್ಖಾನೆ ಬೇಡ, ಮರವೇ ಲೋಹ ಸೋಸಿ ಕೊಡುತ್ತದೆ!

ನೀಲಿಗೆ ಮಾತ್ರ ದಲ್ಲಾಳಿ ಬೇಡ. ಅದರ ನಾಟಕವೇ ಬೇರೆ. ನೀಲಿಗಿಡದ ಬಣ್ಣ ನೀರಿನಲ್ಲಿ ಕರಗುವುದೇ ಇಲ್ಲ. ಸುಣ್ಣ ಹಾಕಿ, ತಗಚೆ ಬೀಜ ಬೇಯಿಸಿ ಸೇರಿಸಿ ಹುದುಗಿಸಿದರೆ, ಸೂಕ್ಷ್ಮಜೀವಿಗಳು ತೊಟ್ಟಿಯ ಆಮ್ಲಜನಕವನ್ನೆಲ್ಲ ಕುಡಿದು ಮುಗಿಸುತ್ತವೆ. ಆಗ ನೀಲಿ ತನ್ನ ನೀಲಿತನ ಬಿಟ್ಟು ಹಳದಿ-ಹಸಿರಾಗಿ ಕರಗುತ್ತದೆ. ಅದ್ದಿದ ಬಟ್ಟೆ ಹಸಿರಾಗಿ ಮೇಲೆದ್ದು, ಗಾಳಿ ಸೋಕಿದಂತೆ ಮಡಿಕೆ ಮಡಿಕೆಯಾಗಿ ನೀಲಿಗೆ ತಿರುಗುತ್ತದೆ. ಪೆರುವಿನಲ್ಲಿ ಸಿಕ್ಕ ಹತ್ತಿ ಬಟ್ಟೆಯ ಚೂರುಗಳಲ್ಲಿ ಸುಮಾರು 6000 ವರ್ಷ ಹಳೆಯ ನೀಲಿ ಪತ್ತೆಯಾದದ್ದು 2016ರಲ್ಲಿ ಪ್ರಕಟವಾಯಿತು. ನಮ್ಮೂರ ಬಣ್ಣಗಾರಿಕೆಗೂ ಹಳೆಯ ದಾಖಲೆ ಉಂಟು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ನೇಕಾರರನ್ನೂ ಬಣ್ಣಗಾರರನ್ನೂ ಕೂರಿಸಿಕೊಂಡು ಕೇಳಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಪೊಪ್ಪಳಿ ಚಕ್ಕೆ, ಮಡ್ಡಿ ಎಂಬ ಬಣ್ಣದ ಮೂಲಗಳು, ತಗಚೆ ಎಲ್ಲವೂ ಇವೆ.

ಆಮೇಲೆ ಎಲ್ಲ ಎಷ್ಟು ಬೇಗ ಮುಗಿಯಿತು! 1856ರಲ್ಲಿ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಮಲೇರಿಯಾಕ್ಕೆ ಕ್ವಿನೈನ್ ಮಾಡಹೊರಟು ನೇರಳೆ ಬಣ್ಣ ಮಾಡಿಕೊಂಡ. 1869ರ ಹೊತ್ತಿಗೆ ಮಂಜಿಷ್ಠ ವರ್ಗದ ಕೆಂಪು, 1897ರಲ್ಲಿ ನೀಲಿ. ಎರಡೂ ಡಾಂಬರಿನ ಮೂಲದಿಂದ, ಕಾರ್ಖಾನೆಯಲ್ಲಿ. ಸಾವಿರಾರು ವರ್ಷದ ಪಾಕಗಳು ಒಂದೆರಡು ತಲೆಮಾರಿನಲ್ಲಿ ಅಡುಗೆಮನೆಗೂ ಪಂಡಿತರ ಔಷಧಿ ಪೆಟ್ಟಿಗೆಗೂ ಹಿಂದೆ ಸರಿದವು.

ಪೂರ್ತಿ ಸಾಯಲಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳೊಂದಿಗೆ ಕಟ್ಟಿದ ‘ಚರಕ’ ಸಹಕಾರ ಸಂಘ ಕೈಮಗ್ಗದ ಹತ್ತಿಗೆ ಗಿಡದ ಬಣ್ಣವನ್ನೇ ಹಿಡಿಯಿತು. ದಕ್ಷಿಣ ಬೆಂಗಳೂರಿನವರಿಗೆ ಸೌತ್ ಎಂಡ್ ಸರ್ಕಲ್ ಬಳಿಯ ‘ದೇಸಿ’ ಅಂಗಡಿಯಿಂದ ಅದರ ಜುಬ್ಬಾಗಳು ಪರಿಚಿತ. ಅಲ್ಲಿಯ ಕಂದುಗೆಂಪಿನ ಮೂಲ ಕೇಳಿ: ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರು! ಅಡಿಕೆಗೆ ಬಣ್ಣ ಕೊಟ್ಟು ಮಿಕ್ಕದ್ದು ಅಂಗಿಗೆ. ಆ ಹಾದಿ ಸಲೀಸಾಗಿರಲಿಲ್ಲ. 2020ರಲ್ಲಿ ಬಟ್ಟೆ ಖರ್ಚಾಗದೆ ಸಂಘ ಕೈ ಚೆಲ್ಲುವ ಸ್ಥಿತಿಗೆ ಬಂದದ್ದು ಸುದ್ದಿಯಾಗಿತ್ತು. ಬಟ್ಟೆಯ ಬೆಲೆ ನೋಡಿ ಹುಬ್ಬೇರಿಸುವವರು ಅಳಲೆ ನೆನೆಯುವ ರಾತ್ರಿ, ಬಿಸಿಲಿಗೆ ಕಾಯುವ ಹಗಲು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಲಿ.

ಉತ್ಸಾಹದಲ್ಲಿ ಒಂದು ಮಾತು ಮರೆಯಬಾರದು. ಗಿಡದ್ದೆಂದ ಮಾತ್ರಕ್ಕೆ ಎಲ್ಲ ಸಾಧುವಲ್ಲ. ಹಸಿರು ಗಾಢವಾಗಲೆಂದು ಮೈಲುತುತ್ತ, ಕಿತ್ತಳೆ ಹೊಳೆಯಲೆಂದು ಕ್ರೋಮಿಯಂ ಉಪ್ಪು ಹಾಕುವವರೂ ಇದ್ದಾರೆ; ಆ ನೀರು ಚರಂಡಿಗೆ, ಅಲ್ಲಿಂದ ಮೊದಲೇ ಕಂಗೆಟ್ಟ ವೃಷಭಾವತಿ ನದಿಗೆ. ಅಂಥದ್ದಕ್ಕೆ ‘ನೈಸರ್ಗಿಕ’ ಚೀಟಿ ಅಂಟಿಸುವುದು ಶುದ್ಧ ಮೋಸ. ಅಳಲೆ, ಪಟಿಕ, ತುಸು ಕಬ್ಬಿಣ, ಇವಿಷ್ಟರಲ್ಲೇ ಹೊನ್ನಿನಿಂದ ಕಾಡಿಗೆವರೆಗೆ ಹೋಗಿಬರಬಹುದು. ಪಟಿಕದ ನೀರನ್ನೂ ಒಂದೇ ಸಲಕ್ಕೆ ಚೆಲ್ಲಬೇಕಿಲ್ಲ, ಇನ್ನಷ್ಟು ಪಟಿಕ ಕೂಡಿಸಿ ಮುಂದಿನ ಬಟ್ಟೆಗೆ ಬಳಸಬಹುದು.

ಕೊನೆಗೆ ಉಳಿದ ಪಟಿಕದ ನೀರನ್ನು ಏನು ಮಾಡುತ್ತೀರಿ ಎಂದು ಬನಶಂಕರಿಯ ಆಕೆಯನ್ನು ಕೇಳಿದೆ. ತಾರಸಿಯ ಮೂಲೆಯ ಹೈಡ್ರಾಂಜಿಯ ಕುಂಡ ತೋರಿಸಿ ನಕ್ಕರು. ಹುಳಿ ಮಣ್ಣಿನಲ್ಲಿ ಆ ಗಿಡಕ್ಕೆ ಅಲ್ಯೂಮಿನಿಯಂ ಸಿಕ್ಕರೆ ಬೇರಿನಿಂದ ಹೂವಿನವರೆಗೆ ಏರಿ, ಅಲ್ಲಿನ ಬಣ್ಣದ ಕೈ ಹಿಡಿಯುತ್ತದೆ. ಗುಲಾಬಿ ಬಣ್ಣ ಬಿಡುತ್ತಿದ್ದ ಗಿಡ ನೀಲಿ ಹೂ ಬಿಡುತ್ತದೆ!