ದೀಕ್ಷಾಸ್ನಾನವೆಂಬ ಕೌಲು

ಬಳ್ಳಾರಿಯ ಕೌಲ್ ಬಜಾರಿನ ಹೆಸರನ್ನು ದಿನವೂ ನುಡಿಯುವ ನಾವು ‘ಕೌಲು’ ಶಬ್ದದ ಅರ್ಥವನ್ನು ಬಹುಮಟ್ಟಿಗೆ ಮರೆತಿದ್ದೇವೆ. ಅರಬ್ಬೀ ಮೂಲದ ಈ ಶಬ್ದಕ್ಕೆ ಕೊಟ್ಟ ಮಾತು, ಕರಾರು, ಅಭಯಪತ್ರ ಎಂಬ ಅರ್ಥಗಳುಂಟು. ಕೊಟ್ಟ ಮಾತನ್ನೇ ‘ಒಡಂಬಡಿಕೆ’ಯೆಂದು ಕರೆದು ತನ್ನ ಎರಡು ಭಾಗಗಳಿಗೂ ಅದೇ ಹೆಸರನ್ನು ಹೊತ್ತ ಗ್ರಂಥ ಬೈಬಲ್. ಅದು ಮೊದಲ ಬಾರಿಗೆ ಸಮಗ್ರವಾಗಿ ಕನ್ನಡದಲ್ಲಿ ಹೊರಬಂದುದೂ ಬಳ್ಳಾರಿಯಲ್ಲಿಯೇ. 1810ರಲ್ಲಿ ಇಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರು ವಿಲಿಯಂ ರೀವ್ ಮೊದಲಾದವರೊಡನೆ ಕೈಗೊಂಡ ಅನುವಾದ 1831ರಲ್ಲಿ ಪೂರ್ಣವಾಗಿ ಪ್ರಕಟವಾಯಿತು.

ಆ ಗ್ರಂಥದ ಗ್ರೀಕ್ ಪದಗಳಲ್ಲಿ ‘ಬಾಪ್ಟಿಜೋ’ ಎಂಬುದೊಂದು. ಅದ್ದು, ಮುಳುಗಿಸು ಎಂದು ಅದರ ಅರ್ಥ. ಕನ್ನಡದಲ್ಲಿ ಅದಕ್ಕೆ ನೆಲೆನಿಂತ ಮಾತು ‘ದೀಕ್ಷಾಸ್ನಾನ’. ಸ್ನಾನ ನಿತ್ಯದ್ದು, ದೀಕ್ಷೆ ಒಮ್ಮೆಯದು. ಇವೆರಡನ್ನು ಒಂದುಗೂಡಿಸಿದುದೇಕೆ?

ಬೈಬಲ್ಲಿನ ದಾರಿಯೂ ಸ್ನಾನದಿಂದ ದೀಕ್ಷೆಯ ಕಡೆಗೇ ಸಾಗಿದೆ. ಯಾಜಕಕಾಂಡದ ಸ್ನಾನಗಳು ಮೈಲಿಗೆಯಾದಾಗಲೆಲ್ಲ ಮರಳಿ ಮಾಡಬೇಕಾದವು. ಕುಷ್ಠರೋಗಿಯಾದ ನಾಮಾನನು ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗಿ ಗುಣಹೊಂದಿದನು. ಅದೇ ನದಿಯ ದಡದಲ್ಲಿ ನಿಂತು ಸ್ನಾನಿಕನಾದ ಯೋಹಾನನು ಅಬ್ರಹಾಮನ ವಂಶದವರೆಂಬ ಹೆಮ್ಮೆ ಸಾಲದು, ಮನಸ್ಸು ತಿರುಗಬೇಕು ಎಂದು ಸಾರಿದನು. ಯೇಸುವೂ ಅವನ ಬಳಿಗೆ ಬಂದು ನೀರಿಗಿಳಿದನು. ಮುಂದೆ ಪೌಲನು ಇನ್ನೂ ಆಳಕ್ಕೆ ಹೋದನು: ಅವನ ಪಾಲಿಗೆ ಆ ನೀರು ಸಮಾಧಿ. ಹಳೆಯ ಮನುಷ್ಯ ಅಲ್ಲಿ ಕ್ರಿಸ್ತನೊಡನೆ ಹೂಳಲ್ಪಟ್ಟು, ಹೊಸಬನಾಗಿ ಏಳುತ್ತಾನೆ. ಮೈ ತೊಳೆಯುವ ಸ್ನಾನವೊಂದೇ ಈ ಭಾವವನ್ನು ಹೊರಲಾರದು, ದೀಕ್ಷೆ ಹೊರಬಲ್ಲುದು. ದೀಕ್ಷೆ ಪಡೆದವನ ಪೂರ್ವಾಶ್ರಯವನ್ನು ಎಣಿಸಬಾರದೆಂದು ಶರಣರಿಂದ ಕೇಳಿದ ನಾಡಿಗೆ ಇದು ಅಪರಿಚಿತವೇನಲ್ಲ.

ಶಿಶುವಿನ ತಲೆಯ ಮೇಲೆ ನೀರೆರೆಯಬೇಕೆ, ವಯಸ್ಕನನ್ನು ಪೂರ್ತಿ ಮುಳುಗಿಸಬೇಕೆ ಎಂಬ ವಾದ ಕ್ರೈಸ್ತ ಸಭೆಗಳಲ್ಲಿ ಶತಮಾನಗಳಿಂದ ನಡೆದಿದೆ. ನಮ್ಮ ನಾಡಿನ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದು. ದೀಕ್ಷಾಸ್ನಾನ ಹೊಂದಿದವರಲ್ಲಿ ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ, ಗಂಡು-ಹೆಣ್ಣು ಎಂಬ ಭೇದವಿಲ್ಲವೆಂದು ಪೌಲನು ಗಲಾತ್ಯದವರಿಗೆ ಬರೆದನು. ನೀರೇ ಮನುಷ್ಯರನ್ನು ಬೇರ್ಪಡಿಸಿದ್ದ, ಕೇರಿಗೊಂದು ಬಾವಿಯಿದ್ದ ನೆಲದಲ್ಲಿ ಎಲ್ಲರಿಗೂ ಒಂದೇ ನೀರೆಂಬುದು ಸಾಮಾನ್ಯದ ಮಾತಲ್ಲ. ಆದರೂ ಜಾತಿ ಆ ನೀರನ್ನು ದಾಟಿ ಸಭೆಯೊಳಗೆ ಹೊಕ್ಕು ಕುಳಿತ ನಿದರ್ಶನಗಳು ದಕ್ಷಿಣ ಭಾರತದ ಚರಿತ್ರೆಯಲ್ಲಿ ವಿರಳವಲ್ಲ.

ಕೌಲನ್ನು ಬರೆದುಕೊಡುವುದು ಒಂದು ದಿನದ ಕೆಲಸ. ನಡೆಸಿಕೊಡುವುದು ಬಾಳಿನ ಕೆಲಸ. ದೀಕ್ಷಾಸ್ನಾನದ ನೀರು ಗಳಿಗೆಯಲ್ಲಿ ಆರುತ್ತದೆ. ಅಲ್ಲಿ ಕೊಟ್ಟ ಮಾತು ಆರಬಾರದು.