ಮನೆ ಕಟ್ಟುವವರನ್ನು ಆರಿಸುವುದು ಹೇಗೆ?

ಸಾಮಾನ್ಯ ಕುಟುಂಬವೊಂದು ಜೀವಮಾನದಲ್ಲಿ ಒಂದೇ ಬಾರಿ ಮನೆ ಕಟ್ಟಿಸುತ್ತದೆ. ಹಿರಿಯರ ಉಳಿತಾಯ, ಬ್ಯಾಂಕಿನ ಸಾಲ, ಕೆಲವೊಮ್ಮೆ ತಾಯಿಯ ಒಡವೆ ಕೂಡ ಅದಕ್ಕೆ ಸೇರುತ್ತದೆ. ಆದರೂ ಗುತ್ತಿಗೆದಾರರನ್ನು ಆರಿಸುವಾಗ ಬಹಳಷ್ಟು ಜನ ಮೊದಲು ಕೇಳುವುದು “ಚದರಕ್ಕೆ ಎಷ್ಟು?” ಎಂದು. ಚದರ ಎಂದರೆ ನೂರು ಚದರ ಅಡಿ. ಈ ಪ್ರಶ್ನೆ ಬೇಕು, ಆದರೆ ಇದೊಂದೇ ಸಾಲದು. ಮನೆಯ ಬಾಳಿಕೆಯನ್ನು ನಿರ್ಧರಿಸುವ ಕೆಲಸವೆಲ್ಲ ಗಾರೆ ಮತ್ತು ಬಣ್ಣದ ಹಿಂದೆ ಮುಚ್ಚಿಹೋಗುತ್ತದೆ. ಮುಚ್ಚುವ ಮೊದಲೇ ಅದನ್ನು ನೋಡಬೇಕು. ಇದಕ್ಕೆ ನೀವು ತರಗತಿಯಲ್ಲಿ ಓದಿದ ರಸಾಯನಶಾಸ್ತ್ರವೇ ನೆರವಾಗುತ್ತದೆ.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಸಿಮೆಂಟಿನಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಡನೆ ವರ್ತಿಸಿ ಹೊಸ ಸಂಯುಕ್ತಗಳಾಗುವುದರಿಂದ ಅದು ಗಟ್ಟಿಯಾಗುತ್ತದೆ. ಈ ಕ್ರಿಯೆ ನಿಧಾನವಾದುದು. ಆದ್ದರಿಂದಲೇ ಕಾಂಕ್ರೀಟಿನ ಬಲವನ್ನು 28 ದಿನಗಳ ನಂತರ ಅಳೆಯುತ್ತಾರೆ. ನಡುವೆ ತೇವ ಆರಿಹೋದರೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಕಾಂಕ್ರೀಟನ್ನು ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಮುಂತಾದವು ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ ತೇವವಾಗಿಡಬೇಕೆಂದು ಭಾರತೀಯ ಮಾನಕ ಐಎಸ್ 456ರ 2000ದ ಆವೃತ್ತಿ ಹೇಳುತ್ತದೆ. ಇದೇ ಕ್ಯೂರಿಂಗ್.

ಹಾಗೆಂದು ಕಲಸುವಾಗಲೇ ಹೆಚ್ಚು ನೀರು ಸುರಿಯಬಾರದು. ನೀರು ಹೆಚ್ಚಾದರೆ ಕೆಲಸ ಸುಲಭವಾಗುತ್ತದೆ ನಿಜ. ಆದರೆ ಆ ಹೆಚ್ಚುವರಿ ನೀರು ಆವಿಯಾದ ಮೇಲೆ ಕಾಂಕ್ರೀಟಿನಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಅವುಗಳ ಮೂಲಕ ತೇವವೂ ಇಂಗಾಲದ ಡೈ ಆಕ್ಸೈಡೂ ಒಳಗೆ ಇಳಿದು ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಹಲವು ವರ್ಷಗಳ ನಂತರ ಛಾವಣಿಯಿಂದ ಚಕ್ಕೆ ಉದುರುವುದಕ್ಕೆ ಇದೊಂದು ಮುಖ್ಯ ಕಾರಣ. ಅಷ್ಟರಲ್ಲಿ ಗುತ್ತಿಗೆದಾರರ ಲೆಕ್ಕ ಎಂದೋ ಚುಕ್ತಾ ಆಗಿರುತ್ತದೆ.

ಆದ್ದರಿಂದ ಒಪ್ಪಂದಕ್ಕೆ ಮೊದಲು ಆ ಗುತ್ತಿಗೆದಾರರ ಎರಡು ಮನೆಗಳನ್ನು ನೋಡಿ. ಒಂದು, ಐದಾರು ವರ್ಷದ ಹಿಂದೆ ಕಟ್ಟಿದ್ದು. ಮಳೆಗಾಲದಲ್ಲಿ ಛಾವಣಿ ಸೋರುತ್ತದೆಯೇ, ಕರೆದಾಗ ಬಂದು ಸರಿಮಾಡಿಕೊಟ್ಟರೇ ಎಂದು ಮನೆಯವರನ್ನು ಕೇಳಿ. ಇನ್ನೊಂದು, ಈಗ ಕೆಲಸ ನಡೆಯುತ್ತಿರುವುದು. ಅಲ್ಲಿ ಗಮನಿಸಬೇಕಾದವು ಇವು:

1. ಕಾಂಕ್ರೀಟಿಗೆ ನೀರನ್ನು ಅಳೆದು ಹಾಕುತ್ತಾರೆಯೇ, ಪೈಪು ಹಿಡಿದು ಅಂದಾಜಿನಲ್ಲಿ ಬಿಡುತ್ತಾರೆಯೇ? 50 ಕಿಲೋ ಸಿಮೆಂಟಿಗೆ ನೀರಿನ ಪ್ರಮಾಣ 0.5 ಎಂದಿದ್ದರೆ ಬೇಕಾಗುವುದು 25 ಲೀಟರ್ ಮಾತ್ರ.
2. ಕಂಬಿಯ ಕೆಳಗೆ ಕವರ್ ಬ್ಲಾಕ್ ಇಟ್ಟಿದ್ದಾರೆಯೇ? ಛಾವಣಿಯ ಕಂಬಿಗೆ ಕನಿಷ್ಠ 20 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಬೇಕು.
3. ಹೊಸ ಛಾವಣಿಯ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆಯೇ? ಕಂಬಗಳಿಗೆ ಸುತ್ತಿದ ಗೋಣಿ ಒದ್ದೆಯಾಗಿದೆಯೇ?
4. ಸಿಮೆಂಟು ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಜೋಡಿಸಿದ್ದಾರೆಯೇ?

ನಂತರ ದರದ ಮಾತು. ಇಬ್ಬರ ದರವನ್ನು ಹೋಲಿಸುವ ಮೊದಲು ಅದರಲ್ಲಿ ಏನೇನು ಸೇರಿದೆ ಎಂದು ಕೇಳಬೇಕು. ಸಂಪು, ಕಾಂಪೌಂಡು, ಮೇಲಿನ ನೀರಿನ ತೊಟ್ಟಿ ಹೊರಗುಳಿದಿದ್ದರೆ ಕಡಿಮೆ ದರ ಕಡಿಮೆಯಲ್ಲ. ಕೂಲಿ ಮಾತ್ರದ ಗುತ್ತಿಗೆಯಾದರೆ ನೀರು ಹಾಕುವ ಹೊಣೆ ಯಾರದೆಂದು ಬರೆದಿರಬೇಕು. ಇಲ್ಲವಾದರೆ ಮಾಲೀಕರು ಮೇಸ್ತ್ರಿ ಹಾಕುತ್ತಾರೆಂದು, ಮೇಸ್ತ್ರಿ ಮಾಲೀಕರು ಹಾಕುತ್ತಾರೆಂದು ಸುಮ್ಮನಿದ್ದು, ಛಾವಣಿ ಒಣಗುತ್ತದೆ. ಹಣವನ್ನು ಪಾಯ, ಗೋಡೆ, ಛಾವಣಿ ಎಂದು ಹಂತ ಮುಗಿದಂತೆ ಕೊಡಬೇಕು. ಕೊನೆಯ ಕಂತನ್ನು ಎಲ್ಲ ಕೆಲಸ ಮುಗಿಯುವವರೆಗೆ ಉಳಿಸಿಕೊಳ್ಳಬೇಕು.

ಲಿಖಿತ ಒಪ್ಪಂದ ಏಕೆ ಮುಖ್ಯ? 2016ರ ರೇರಾ ಕಾಯ್ದೆ ಬಡಾವಣೆ, ವಸತಿ ಸಮುಚ್ಚಯಗಳಂತಹ ಮಾರಾಟದ ಯೋಜನೆಗಳಿಗೆ ಸಂಬಂಧಿಸಿದ್ದು. ಸ್ವಂತ ನಿವೇಶನದಲ್ಲಿ ನಮಗಾಗಿ ಕಟ್ಟಿಸುವ ಮನೆಗೆ ಅದರ ಆಸರೆ ಸಿಗುವುದಿಲ್ಲ. ಆದರೆ 1993ರ ತಿದ್ದುಪಡಿಯಿಂದ ಮನೆ ನಿರ್ಮಾಣ ಗ್ರಾಹಕ ಕಾಯ್ದೆಯ ‘ಸೇವೆ’ಗಳಲ್ಲಿ ಸೇರಿತು, 2019ರ ಕಾಯ್ದೆಯಲ್ಲೂ ಅದು ಉಳಿದಿದೆ. ದೂರು ಕೊಡಬೇಕಾಗಿ ಬಂದರೆ ಒಪ್ಪಂದದ ಪತ್ರ, ರಸೀದಿ, ಕೆಲಸದ ಫೋಟೋಗಳೇ ಸಾಕ್ಷಿ.

ನಿಮ್ಮ ಮನೆಯಲ್ಲಿ ಇಂಥ ಮಾತುಕತೆ ನಡೆಯುವಾಗ ಹಿರಿಯರು ದರ ಕೇಳಲಿ. ಅವರ ಪಕ್ಕದಲ್ಲಿ ಕುಳಿತು ನೀವು ವಿನಯದಿಂದ ಇನ್ನೆರಡು ಪ್ರಶ್ನೆ ಕೇಳಿ: “ನೀರನ್ನು ಯಾವುದರಲ್ಲಿ ಅಳೆಯುತ್ತೀರಿ? ಎಷ್ಟು ದಿನ ಕ್ಯೂರಿಂಗ್ ಮಾಡುತ್ತೀರಿ?” ಕೆಲಸ ಬಲ್ಲ ಗುತ್ತಿಗೆದಾರರು ಇದಕ್ಕೆ ಬೇಸರಪಡುವುದಿಲ್ಲ.